ಬೇಸಿಗೆ ಶಿಬಿರದ ಅಕ್ಕ ಜೂನ್‌ನಲ್ಲಿ ಎಲ್ಲಿರ್ತಾಳೆ?

ಬೇಸಿಗೆ ಬಂತೆಂದರೆ ಸಾಕು, ದಾವಣಗೆರೆಯ ಕಂಬ ಕಂಬಕ್ಕೂ ಶಿಬಿರದ ಬ್ಯಾನರು ನೇತಾಡತೊಡಗುತ್ತವೆ. ಈಜು ಶಿಬಿರ, ಕರಾಟೆ ಶಿಬಿರ, ಚಿತ್ರಕಲೆ ಶಿಬಿರ, ಚೆಸ್ ಶಿಬಿರ. ಇವುಗಳ ಜೊತೆಗೆ ‘ವ್ಯಕ್ತಿತ್ವ ವಿಕಸನ’ ಎಂಬ ಮತ್ತೊಂದು. ಅದರಲ್ಲಿ ಏನು ಕಲಿಸ್ತಾರೆ ಎಂಬುದು ಕಲಿಸುವವರಿಗಾದರೂ ಗೊತ್ತಿದೆಯೋ ಇಲ್ಲವೋ! ಫೀಸು ಮಾತ್ರ ಸಾವಿರಗಳ ಲೆಕ್ಕದಲ್ಲಿ. ಮೈಸೂರಿನಲ್ಲಿ ರಂಗಾಯಣದ ಚಿಣ್ಣರ ಮೇಳದ ಅರ್ಜಿಗೆ ಅಪ್ಪ-ಅಮ್ಮಂದಿರು ನಸುಕಿನಲ್ಲೇ ಎದ್ದು ಸಾಲು ನಿಂತ ಸುದ್ದಿಯನ್ನೂ ನಾವು ಓದಿದ್ದೇವೆ. ಮಕ್ಕಳ ಮೇಲೆ ಪ್ರೀತಿ ಇದ್ದವರು ನಿಲ್ಲಲಿ, ಬೇಡ ಎನ್ನಲು ನಾವ್ಯಾರು?

ಪ್ರಶ್ನೆ ಬೇರೆಯದಿದೆ. ಬ್ಯಾನರಿನ ಕೆಳಗೆ ಓಡಾಡುವ ಬೇರೆ ಮಕ್ಕಳೂ ಇದ್ದಾರಲ್ಲ, ಅವರ ರಜೆ ಎಲ್ಲಿ ಕಳೆಯುತ್ತದೆ? ಹಳೇ ಪಿ.ಬಿ. ರಸ್ತೆಯಲ್ಲಿ ಹರಿಹರದ ಬಸ್ಸಿಗೆ ಕಾಯುವಾಗ ಸುಮ್ಮನೆ ಅತ್ತಿತ್ತ ಕಣ್ಣು ಹಾಯಿಸಿ ನೋಡಿ. ಪಂಕ್ಚರ್ ಅಂಗಡಿಯಲ್ಲಿ ಟ್ಯೂಬನ್ನು ನೀರಿಗೆ ಅದ್ದಿ ಗುಳ್ಳೆ ಹುಡುಕುತ್ತಿರುವ ಹುಡುಗನಿಗೆ ವಯಸ್ಸೆಷ್ಟು? ಮಂಡಿಪೇಟೆಯಲ್ಲಿ ಆರು ಲೋಟ ಚಹಾ ಹಿಡಿದು ಅಂಗಡಿಯಿಂದ ಅಂಗಡಿಗೆ ಓಡುವವನಿಗೆ? ಊರಾಚೆಯ ಮಂಡಕ್ಕಿ ಭಟ್ಟಿಗಳ ಕಡೆ ಹೋದರೆ ಉಸುಕಿನ ಕಾವು, ಹೊಗೆ, ಬೂದಿ. ನಾವು ನೀವು ಸಂಜೆ ಮೆಣಸಿನಕಾಯಿ ಜೊತೆ ಮೆಲ್ಲುವ ಮಂಡಕ್ಕಿಗೆ ಹಿಂದೆ ಎಷ್ಟು ಸಣ್ಣ ಕೈಗಳು ದುಡಿದಿವೆ ಎಂಬುದು ಈ ಊರಿನಲ್ಲಿ ಹುಟ್ಟಿದವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಶಾಲೆ ನಡೆಯುವಾಗ ಕೇಳಿದರೆ ‘ಭಾನುವಾರ ಮಾತ್ರ ಬರ್ತಾನೆ ಸಾರ್’ ಅಂತಾರೆ. ಏಪ್ರಿಲ್‌ನಲ್ಲಿ ಕೇಳಿದರೆ ‘ರಜಾ ಅಲ್ವಾ ಸಾರ್’ ಅಂತಾರೆ. ಜುಲೈನಲ್ಲಿ ಅದೇ ಹುಡುಗ ಅದೇ ಜಾಗದಲ್ಲಿ ಸಿಕ್ಕಿ ಕೇಳಿದರೆ ಯಾರೂ ಏನೂ ಅನ್ನೋದಿಲ್ಲ. ಗಿರಾಕಿ ಬಂದ ಅಂತ ಎದ್ದು ಹೋಗ್ತಾರೆ.

ಬಿಸಿಯೂಟಕ್ಕೂ ರಜೆ

2025ರಲ್ಲಿ ನಮ್ಮ ರಾಜ್ಯದ ಸರ್ಕಾರಿ ಶಾಲೆಗಳಿಗೆ ಏಪ್ರಿಲ್ 11ರಿಂದ ಮೇ 28ರವರೆಗೆ ಬೇಸಿಗೆ ರಜೆ. ಎಣಿಸಿದರೆ 48 ದಿನ. ಉಳ್ಳವರ ಮಕ್ಕಳಿಗೆ ಅದು ಅಜ್ಜಿ ಊರು, ಮಾವಿನ ಹಣ್ಣು, ಮದುವೆ ಮನೆ. ಕೂಲಿಕಾರರ ಮಕ್ಕಳಿಗೆ ಅದೇ 48 ದಿನ ಮಧ್ಯಾಹ್ನದ ಊಟವಿಲ್ಲದ ದಿನಗಳು. ಅಕ್ಷರ ದಾಸೋಹ 2002ರಲ್ಲಿ ಈಶಾನ್ಯದ ಜಿಲ್ಲೆಗಳಲ್ಲಿ ಶುರುವಾಗಿ ಮುಂದೆ ರಾಜ್ಯಕ್ಕೆಲ್ಲ ಹಬ್ಬಿತು. 2013ರಲ್ಲಿ ಕ್ಷೀರಭಾಗ್ಯದ ಹಾಲು ಬಂತು. ಆಮೇಲೆ ಮೊಟ್ಟೆ, ಬಾಳೆಹಣ್ಣು, ಚಿಕ್ಕಿ ಬಂದವು. ಶಾಲೆಗೆ ಬೀಗ ಬಿದ್ದ ದಿನವೇ ಅಡುಗೆಮನೆಗೂ ಬೀಗ. ಹಸಿವೆಗೆ ಮಾತ್ರ ರಜೆ ಕೊಡುವ ಸುತ್ತೋಲೆ ಯಾವ ಇಲಾಖೆಯಿಂದಲೂ ಬಂದಿಲ್ಲ!

ಇದು ಸುಪ್ರೀಂ ಕೋರ್ಟಿಗೂ ಗೊತ್ತಿತ್ತು. ಬೇಯಿಸಿದ ಊಟವನ್ನೇ ಕೊಡಬೇಕು ಎಂದು 2001ರ ನವೆಂಬರ್‌ನಲ್ಲಿ ಆದೇಶ ಮಾಡಿದ ನ್ಯಾಯಾಲಯ, ಬರ ಬಿದ್ದ ಕಡೆ ಬೇಸಿಗೆ ರಜೆಯಲ್ಲೂ ಕೊಡಿ ಎಂದು 2004ರ ಏಪ್ರಿಲ್‌ನಲ್ಲಿ ಮತ್ತೆ ಹೇಳಿತು. ಅದರಂತೆ 2024ರ ಬೇಸಿಗೆಯಲ್ಲಿ, ಬರಪೀಡಿತ ಎಂದು ಘೋಷಿಸಿದ 223 ತಾಲೂಕುಗಳ ಮಕ್ಕಳಿಗೆ ರಜೆಯಲ್ಲೂ ಬಿಸಿಯೂಟ ಹಾಕುವ ಏರ್ಪಾಡಾಯಿತು. ಮಳೆ ಕೈಕೊಟ್ಟರೆ ಊಟ ಉಂಟು, ಮಳೆ ಬಂದ ವರ್ಷ ಊಟ ಇಲ್ಲ. ಕೂಲಿಯವನ ಮನೆಯ ಒಲೆಗೂ ಮಳೆಗೂ ಅಷ್ಟೊಂದು ನೇರ ಸಂಬಂಧ ಇದೆ ಎಂದು ಲೆಕ್ಕ ಹಾಕಿದವರಿಗೆ ನಮಸ್ಕಾರ.

ಹೊಟ್ಟೆಯ ಮಾತು ಇಷ್ಟಾಯಿತು. ತಲೆಯ ಮಾತೂ ಇದೆ. ಅಮೆರಿಕದ ಬಾಲ್ಟಿಮೋರ್ ಎಂಬ ಊರಿನಲ್ಲಿ 1982ರಲ್ಲಿ ಒಂದನೇ ಕ್ಲಾಸಿಗೆ ಸೇರಿದ ಸುಮಾರು 790 ಮಕ್ಕಳ ಬೆನ್ನು ಹತ್ತಿ ವರ್ಷಗಟ್ಟಲೆ ಲೆಕ್ಕ ಬರೆದಿಟ್ಟವರಿದ್ದಾರೆ. ಕಾರ್ಲ್ ಅಲೆಕ್ಸಾಂಡರ್, ಡೋರಿಸ್ ಎಂಟ್‌ವಿಸಲ್ ಎಂಬ ಸಮಾಜಶಾಸ್ತ್ರಜ್ಞರು. ಅವರು ಕಂಡದ್ದು ಸರಳ. ಶಾಲೆ ನಡೆಯುವಾಗ ಬಡವರ ಮಕ್ಕಳೂ ಉಳ್ಳವರ ಮಕ್ಕಳೂ ಹೆಚ್ಚುಕಡಿಮೆ ಒಂದೇ ವೇಗದಲ್ಲಿ ಕಲಿಯುತ್ತಾರೆ. ರಜೆ ಬಂದಾಗ ಬಡವರ ಮಕ್ಕಳು ನಿಂತಲ್ಲೇ ನಿಲ್ಲುತ್ತಾರೆ, ಇತರರು ಮುಂದೆ ಹೋಗುತ್ತಾರೆ. ಇದಕ್ಕೆ ಅವರು ಕೊಟ್ಟ ಹೋಲಿಕೆ ನಲ್ಲಿಯದು. ಶಾಲೆ ಇರುವಾಗ ಎಲ್ಲರ ಕೊಡಕ್ಕೂ ನೀರು. ರಜೆಯಲ್ಲಿ ಬೀದಿ ನಲ್ಲಿ ಬಂದ್, ಮನೆಯಲ್ಲಿ ಬೋರ್‌ವೆಲ್ ಇದ್ದವರಿಗಷ್ಟೇ ನೀರು (ಬೋರ್‌ವೆಲ್ ಮಾತು ನಮ್ಮದು, ಅವರದಲ್ಲ). ಅಷ್ಟೊಂದು ವ್ಯತ್ಯಾಸ ಇಲ್ಲ ಎಂದು ಆಮೇಲೆ ವಾದ ಮಾಡಿದ ಪಂಡಿತರೂ ಉಂಟು. ಇರಲಿ. ಜೂನ್ ತಿಂಗಳಲ್ಲಿ ಯಾವುದೇ ಸರ್ಕಾರಿ ಶಾಲೆಯ ಮೇಷ್ಟ್ರನ್ನು ಕೇಳಿದರೆ ಬಾಲ್ಟಿಮೋರಿಗೆ ಹೋಗದೆ ಅವರೇ ಹೇಳ್ತಾರೆ: ‘ಮಗ್ಗಿ ಮತ್ತೆ ಎರಡರಿಂದ ಶುರು ಮಾಡಬೇಕು.’

ಬ್ಯಾಡ್ಜು ತೊಟ್ಟ ಹುಡುಗರು

ಇಲ್ಲಿಗೆ ಕಾಲೇಜು ಹುಡುಗರ ಪ್ರವೇಶ. ಎದೆಯ ಮೇಲೆ ಚಕ್ರದ ಬ್ಯಾಡ್ಜು ಸಿಕ್ಕಿಸಿಕೊಂಡು ಬಸ್ಸಿನಲ್ಲಿ ಗದ್ದಲ ಮಾಡುವವರನ್ನು ನೀವು ನೋಡಿರುತ್ತೀರಿ. ಅದು ರಾಷ್ಟ್ರೀಯ ಸೇವಾ ಯೋಜನೆ. ಗಾಂಧೀಜಿ ಜನ್ಮಶತಾಬ್ದಿಯ ವರ್ಷ, 1969ರ ಸೆಪ್ಟೆಂಬರ್ 24ರಂದು, 37 ವಿಶ್ವವಿದ್ಯಾಲಯಗಳ 40 ಸಾವಿರ ವಿದ್ಯಾರ್ಥಿಗಳೊಂದಿಗೆ ಶುರುವಾದದ್ದು. ಶುರು ಮಾಡಿದವರು ಆಗಿನ ಕೇಂದ್ರ ಶಿಕ್ಷಣ ಸಚಿವ ಡಾ. ವಿ.ಕೆ.ಆರ್.ವಿ. ರಾವ್, ನಮ್ಮ ಪಕ್ಕದ ಬಳ್ಳಾರಿಯಿಂದಲೇ ಲೋಕಸಭೆಗೆ ಆರಿಸಿ ಹೋಗಿದ್ದವರು. ಬ್ಯಾಡ್ಜಿನ ಮೇಲಿರುವುದು ಕೊನಾರ್ಕದ ಸೂರ್ಯ ದೇವಾಲಯದ ರಥದ ಚಕ್ರ. ‘ನಾನಲ್ಲ, ನೀನು’ ಎಂಬುದು ಅದರ ಧ್ಯೇಯ. ಎರಡು ವರ್ಷದಲ್ಲಿ 240 ಗಂಟೆ ಸೇವೆ, ಜೊತೆಗೆ ಏಳು ದಿನದ ವಿಶೇಷ ಶಿಬಿರ ಮುಗಿಸಿದರೆ ಪ್ರಮಾಣಪತ್ರ.

ಅರ್ಧ ಶತಮಾನ ದಾಟಿದ ಈ ಯೋಜನೆಯ ಬಗ್ಗೆ ಊರ ಜನಕ್ಕೆ ಒಂದು ಚಿತ್ರ ಖಾಯಂ ಆಗಿಬಿಟ್ಟಿದೆ. ಹಳ್ಳಿಯೊಂದಕ್ಕೆ ಹೋಗುವುದು, ಚರಂಡಿ ಬಳಿ ಸಲಿಕೆ ಹಿಡಿದು ಫೋಟೋ ತೆಗೆಸುವುದು, ಸಂಜೆ ಸಾಂಸ್ಕೃತಿಕ ಕಾರ್ಯಕ್ರಮ, ಸಮಾರೋಪಕ್ಕೆ ಶಾಸಕರು. ಏಳನೇ ದಿನ ಹುಡುಗರು ಬಸ್ ಹತ್ತಿದರೆ ಎಂಟನೇ ದಿನ ಚರಂಡಿ ಮತ್ತೆ ತನ್ನ ಸ್ವಂತ ರೂಪಕ್ಕೆ! ಈ ಚಿತ್ರ ಪೂರ್ತಿ ಸುಳ್ಳಲ್ಲ. ಆದರೆ ಪೂರ್ತಿ ನಿಜವೂ ಅಲ್ಲ ಎಂಬುದನ್ನು ಈಚೆಗೆ ನಗರದ ಒಂದು ಸರ್ಕಾರಿ ಶಾಲೆಯಲ್ಲಿ ನಡೆದ ಮಕ್ಕಳ ಶಿಬಿರ ನೋಡಿದ ಮೇಲೆ ಹೇಳಲೇಬೇಕಾಗಿದೆ.

ಹತ್ತು ದಿನದ ಶಿಬಿರ. ಬೆಳಿಗ್ಗೆ ಒಂಬತ್ತರಿಂದ ಮಧ್ಯಾಹ್ನ ಒಂದೂವರೆ. ಬಿ.ಕಾಂ., ಬಿ.ಎ. ಓದುವ ಹತ್ತು ಹನ್ನೆರಡು ಹುಡುಗ ಹುಡುಗಿಯರು. ಮಕ್ಕಳು ಯಾರು? ಗಾರೆ ಕೆಲಸದವರ, ಹಮಾಲರ, ಭಟ್ಟಿ ಕೆಲಸದವರ, ಪಾತ್ರೆ ತಿಕ್ಕುವ ಹೆಂಗಸರ ಮಕ್ಕಳು. ಕರೆಯಲು ಬ್ಯಾನರು ಕಟ್ಟಿರಲಿಲ್ಲ. ಹುಡುಗಿಯರು ಎರಡು ದಿನ ಮುಂಚೆ ಓಣಿ ಓಣಿ ತಿರುಗಿ, ನಲ್ಲಿ ಕಟ್ಟೆಯ ಹತ್ತಿರ ತಾಯಂದಿರ ಜೊತೆ ನಿಂತು ಮಾತಾಡಿ ಬಂದಿದ್ದರು. ‘ಫೀಸು ಎಷ್ಟವ್ವಾ?’ ಎಂಬುದು ಮೊದಲ ಪ್ರಶ್ನೆ. ಇಲ್ಲ ಎಂದ ಮೇಲೆ ಎರಡನೆಯದು, ‘ಊಟ ಇರ್ತತೇನು?’

ಇತ್ತು. ಉಪ್ಪಿಟ್ಟು, ಚಿತ್ರಾನ್ನ, ಒಂದು ದಿನ ಪಾಯಸ. ಅಕ್ಕಿ ಕೊಟ್ಟವರು ಒಬ್ಬರು, ಎಣ್ಣೆ ಡಬ್ಬ ಕೊಟ್ಟವರು ಇನ್ನೊಬ್ಬರು, ದಿನಾ ಮಜ್ಜಿಗೆ ಕಳಿಸಿದವರು ಚೌಕಿಪೇಟೆಯ ಅಂಗಡಿಯವರು. ಹೆಸರು ಹಾಕಬೇಡಿ ಎಂದಿದ್ದಾರೆ, ಹಾಕುವುದಿಲ್ಲ. ಮೈಕು, ಹಾರ, ಶಾಲು ಯಾವುದೂ ಇಲ್ಲದೆ ಇಷ್ಟು ಕೆಲಸ ಈ ಊರಲ್ಲಿ ಆಗುತ್ತದೆಂದರೆ ಕೆಲವು ಪುಢಾರಿಗಳು ನಂಬಲಿಕ್ಕಿಲ್ಲ.

ಮೊದಲ ದಿನ ಆದದ್ದು ಗೊಂದಲವೇ. ಕಾಲೇಜಿನವರು ದೊಡ್ಡ ಯೋಜನೆ ಬರೆದುಕೊಂಡು ಬಂದಿದ್ದರು. ಯೋಗ, ಕಾಗದದ ಕಲೆ, ವಿಜ್ಞಾನದ ಪ್ರಯೋಗ, ನೈತಿಕ ಕತೆ ಹೀಗೆ ಗಂಟೆ ಗಂಟೆಗೆ ಒಂದೊಂದು. ಅರ್ಧ ಗಂಟೆಯೊಳಗೆ ಯೋಜನೆ ಗಾಳಿಗೆ ಹೋಯಿತು. ಕೆಲವರು ಮರ ಹತ್ತಿದರು, ಕೆಲವರು ಗೋಲಿ ತೆಗೆದರು, ಒಬ್ಬಳು ಹನ್ನೊಂದು ವರ್ಷದ ಹುಡುಗಿ ಕಂಕುಳಲ್ಲಿ ತಮ್ಮನನ್ನು ಹೊತ್ತುಕೊಂಡು ಬಾಗಿಲ ಹೊರಗೇ ನಿಂತಿದ್ದಳು. ‘ಒಳಗೆ ಬಾರಮ್ಮಾ’ ಅಂದರೆ ‘ಇವನು ಅಳ್ತಾನೆ ಅಕ್ಕಾ’ ಅಂದಳು. ಅಮ್ಮ ಕೆಲಸಕ್ಕೆ ಹೋದರೆ ಕೂಸು ನೋಡಿಕೊಳ್ಳುವುದು ಅವಳ ಡ್ಯೂಟಿ. ಬೇಸಿಗೆ ರಜೆ ಅವಳಿಗೆ ರಜೆಯೇ ಅಲ್ಲ, ಪೂರ್ತಿ ಪಾಳಿ. ಎರಡನೇ ದಿನ ಹುಡುಗಿಯರು ಮೂಲೆಯಲ್ಲಿ ಒಂದು ಸೀರೆ ಕಟ್ಟಿ ಜೋಲಿ ಮಾಡಿದರು, ಸರದಿಯಂತೆ ತೂಗಿದರು. ಮೂರನೇ ದಿನ ಅಂಥ ಜೋಲಿಗಳು ಎರಡಾದವು. ಯಾವ ಯೋಜನೆಯ ಕಾಗದದಲ್ಲೂ ಜೋಲಿ ಇರಲಿಲ್ಲ ನೋಡಿ. ನಮ್ಮನ್ನು ಕೇಳಿದರೆ ಇಡೀ ಶಿಬಿರದ ಅತ್ಯಂತ ದೊಡ್ಡ ಕೆಲಸ ಅದೇ.

ಭಾಷೆಯದೂ ಒಂದು ಪೇಚು. ಕೆಲವು ಮಕ್ಕಳ ಮನೆಮಾತು ಉರ್ದು, ತಾಂಡಾದಿಂದ ಬಂದ ಮನೆಗಳಲ್ಲಿ ಲಂಬಾಣಿ. ‘ಅಳಿಲು ಎಂದರೇನು?’ ಎಂದು ಕಾಲೇಜು ಹುಡುಗ ಕೇಳಿದರೆ ಮಕ್ಕಳೆಲ್ಲ ಮೂಕ. ದಡ್ಡರೆಂದು ತಿಳಿದವನಿಗೆ ಮೂಲೆಯಿಂದ ಒಬ್ಬ ‘ಗಿಲೇರಿ ಸಾರ್, ಗಿಲೇರಿ!’ ಎಂದು ಕೂಗಿದ. ಆಮೇಲೆ ಅದೇ ಆಟವಾಯಿತು. ಮಕ್ಕಳು ತಮ್ಮ ಮಾತು ಹೇಳಿಕೊಡುವುದು, ಸಾರು ತಪ್ಪಿ ತಪ್ಪಿ ನುಡಿಯುವುದು, ಎಲ್ಲರೂ ಬಿದ್ದು ಬಿದ್ದು ನಗುವುದು. ನಗುವಿನ ಮಧ್ಯೆ ಕನ್ನಡದ ಪದವೂ ಒಳಗೆ ಹೋಯಿತು.

ಕತೆ, ಸಾಲು, ಪದ, ಅಕ್ಷರ

ಕಲಿಕೆಯ ಲೆಕ್ಕಕ್ಕೆ ಬರೋಣ. ಹುಡುಗರು ಮಾಡಿದ ಬುದ್ಧಿವಂತಿಕೆ ಎಂದರೆ ‘ನೀನು ಎಷ್ಟನೇ ಕ್ಲಾಸು?’ ಎಂದು ಕೇಳಿ ಕೂರಿಸುವುದನ್ನು ಎರಡನೇ ದಿನಕ್ಕೇ ಬಿಟ್ಟದ್ದು. ಒಂದು ಹಾಳೆಯಲ್ಲಿ ಸಣ್ಣ ಕತೆ, ಇನ್ನೊಂದರಲ್ಲಿ ನಾಲ್ಕು ಸಾಲು, ಮತ್ತೆ ಬಿಡಿ ಪದ, ಬಿಡಿ ಅಕ್ಷರ. ಮಗು ಎಲ್ಲಿಯವರೆಗೆ ಓದುತ್ತದೋ ಅದೇ ಅದರ ಗುಂಪು. ಐದನೇ ಕ್ಲಾಸಿನವನು ಅಕ್ಷರದ ಗುಂಪಿನಲ್ಲಿ ಕೂತ, ಮೂರನೇ ಕ್ಲಾಸಿನ ಹುಡುಗಿ ಕತೆಯ ಗುಂಪಿಗೆ ಹಾರಿದಳು. ಇದು ಅವರು ಕಂಡುಹಿಡಿದದ್ದಲ್ಲ. ಪ್ರಥಮ್ ಎಂಬ ಸಂಸ್ಥೆ ದೇಶದ ಹಳ್ಳಿ ಹಳ್ಳಿಗಳಲ್ಲಿ ಬಹಳ ವರ್ಷದಿಂದ ಮಾಡಿಕೊಂಡು ಬಂದ ಕ್ರಮ. ಅದರ ‘ಅಸರ್’ ಸಮೀಕ್ಷೆಯ 2024ರ ವರದಿ ಪ್ರಕಾರ ದೇಶದ ಹಳ್ಳಿಗಳ ಸರ್ಕಾರಿ ಶಾಲೆಗಳಲ್ಲಿ ಐದನೇ ಕ್ಲಾಸಿನ ನೂರು ಮಕ್ಕಳಲ್ಲಿ ಎರಡನೇ ಕ್ಲಾಸಿನ ಪಾಠ ಓದಬಲ್ಲವರು ಸುಮಾರು 45. ಉಳಿದ 55 ಮಕ್ಕಳು ಐದನೇ ಕ್ಲಾಸಿನ ಪುಸ್ತಕ ಎದುರಿಗಿಟ್ಟುಕೊಂಡು ಏನು ಮಾಡುತ್ತಾರೆ? ಸುಮ್ಮನೆ ಕೂರುತ್ತಾರೆ. ಕೂತು ಕೂತು ಬೇಸರವಾಗಿ ಒಂದು ದಿನ ಎದ್ದು ಹೋಗುತ್ತಾರೆ. ಪಂಕ್ಚರ್ ಅಂಗಡಿಯಲ್ಲಿ ಕನಿಷ್ಠ ಗುಳ್ಳೆ ಎಲ್ಲಿದೆ ಎಂದಾದರೂ ಗೊತ್ತಾಗುತ್ತದೆ.

ಹತ್ತು ದಿನದಲ್ಲಿ ಏನಾಗುತ್ತದೆ ಸ್ವಾಮಿ ಎಂದು ಕೇಳುವವರಿಗೆ ಒಂದು ಉತ್ತರ ಇದೆ. ಉತ್ತರ ಪ್ರದೇಶದಲ್ಲಿ 2013-14ರಲ್ಲಿ ಹತ್ತತ್ತು ದಿನದ ಕಲಿಕಾ ಶಿಬಿರಗಳನ್ನು ನಾಲ್ಕು ಸಲ, ಬೇಸಿಗೆಯಲ್ಲಿ ಮತ್ತೊಂದು ಸಲ ನಡೆಸಿ ಅಳೆದು ನೋಡಿದ್ದಾರೆ. ಶಿಬಿರ ನಡೆದ ಶಾಲೆಗಳಲ್ಲಿ ಸಾಲು, ಕತೆ ಓದಬಲ್ಲ ಮಕ್ಕಳ ಪ್ರಮಾಣ ಬೇರೆ ಶಾಲೆಗಳಿಗಿಂತ ಹೆಚ್ಚುಕಡಿಮೆ ಇಮ್ಮಡಿಯಾಗಿತ್ತು. ಅಳೆದವರ ತಂಡದಲ್ಲಿ 2019ರಲ್ಲಿ ನೊಬೆಲ್ ಪಡೆದ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೋ ಇದ್ದರು.

ಅದೇ ತಂಡ ಅದಕ್ಕೂ ಹಿಂದೆ, 2005-06ರಲ್ಲಿ, ಜೌನ್‌ಪುರ ಜಿಲ್ಲೆಯಲ್ಲಿ ಹಳ್ಳಿಯ ಯುವಕರು ಉಚಿತವಾಗಿ ನಡೆಸಿದ ಓದುವ ತರಗತಿಗಳನ್ನು ಪರೀಕ್ಷಿಸಿದಾಗ ಸಿಹಿ ಕಹಿ ಎರಡೂ ಸಿಕ್ಕಿದ್ದವು. ಬಂದ ಮಕ್ಕಳು ಚೆನ್ನಾಗಿ ಕಲಿತರು. ಆದರೆ ಬಂದವರೇ ಕಡಿಮೆ, ನೂರಕ್ಕೆ ಎಂಟು. ಅಂದರೆ ಕಲಿಸುವ ಹುಡುಗರು ಸಿಕ್ಕರೆ ಅರ್ಧ ಕೆಲಸ ಆದಂತೆ. ಮಗುವನ್ನು ಮನೆಯಿಂದ ಶಿಬಿರದ ತನಕ ತರುವುದು ಉಳಿದರ್ಧ. ನಮ್ಮೂರ ಹುಡುಗಿಯರು ನಲ್ಲಿ ಕಟ್ಟೆಯಲ್ಲಿ ನಿಂತು ಮಾತಾಡಿದ್ದು ಯಾಕೆ ಮುಖ್ಯ ಎಂದು ಈಗ ತಿಳಿಯಿತಲ್ಲ?

ಹುಡುಗರ ಕಷ್ಟವನ್ನೂ ಒಂದಿಷ್ಟು ಹೇಳಬೇಕು. ಮೊದಲನೆಯದು ಸೆಮಿಸ್ಟರ್. ಹಿಂದೆ ಮಾರ್ಚ್‌ನಲ್ಲಿ ಪರೀಕ್ಷೆ ಮುಗಿದರೆ ಜೂನ್ ತನಕ ಆರಾಮ. ಈಗ ಶಾಲೆ ಮಕ್ಕಳಿಗೆ ರಜೆ ಇದ್ದಾಗ ಕಾಲೇಜಿಗೆ ಕ್ಲಾಸು, ಇಂಟರ್ನಲ್ಸು. ಎರಡೂ ರಜೆ ಕೂಡಿಬರುವ ಹತ್ತು ದಿನ ಹುಡುಕುವುದೇ ಪಂಚಾಂಗ ನೋಡಿ ಮುಹೂರ್ತ ತೆಗೆದಂತೆ! ಎರಡನೆಯದು ಬಸ್ಸು. ವಿದ್ಯಾರ್ಥಿ ಪಾಸಿಗೆ ಸಾಮಾನ್ಯವಾಗಿ ಹತ್ತು ತಿಂಗಳ ಆಯುಷ್ಯ. ಅದು ಸತ್ತ ಮೇಲೆ ಹೊನ್ನಾಳಿ, ಚನ್ನಗಿರಿ, ಜಗಳೂರು ಕಡೆಯಿಂದ ಬರುವ ಹುಡುಗರು ಟಿಕೆಟ್ ದುಡ್ಡು ತಾವೇ ಹಾಕಬೇಕು. ಹುಡುಗಿಯರಿಗೆ 2023ರ ಜೂನ್ 11ರಿಂದ ಶಕ್ತಿ ಯೋಜನೆ ಇರುವುದರಿಂದ ಆ ಚಿಂತೆ ಇಲ್ಲ. ‘ಶಿಬಿರಕ್ಕೆ ಹುಡುಗಿಯರೇ ಜಾಸ್ತಿ ಬಂದದ್ದು ಯಾಕೆ ಗೊತ್ತಾ ಸಾರ್?’ ಎಂದು ಒಬ್ಬ ಹುಡುಗ ಕಣ್ಣು ಮಿಟುಕಿಸಿದ. ಹುಡುಗಿಯರ ಉತ್ತರ ಬೇರೆ: ‘ಬಸ್ ಫ್ರೀ ಇದ್ರೂ ಮನೇಲಿ ಕಳಿಸ್ಬೇಕಲ್ಲ ಸಾರ್. ಕಾಲೇಜ್ ಅಂದ್ರೆ ಕಳಿಸ್ತಾರೆ, ಓಣಿ ಮಕ್ಕಳಿಗೆ ಪಾಠ ಅಂದ್ರೆ ಸಂಬಳ ಎಷ್ಟು ಅಂತಾರೆ.’

ಪ್ರಮಾಣಪತ್ರಕ್ಕಾಗಿಯೇ ಬಂದವರೂ ಇದ್ದರು, ಮುಚ್ಚಿಡುವುದೇನು? ಮೊದಲೆರಡು ದಿನ ಮೊಬೈಲಿನಲ್ಲಿ ಮುಖ ಹುದುಗಿಸಿ ಕೂತಿದ್ದ ಒಬ್ಬ ಹುಡುಗನನ್ನು ನಾವೇ ನೋಡಿದೆವು. ನಾಲ್ಕನೇ ದಿನ ನೋಡಿದರೆ ಅವನ ಬೆನ್ನ ಮೇಲೆ ಒಬ್ಬ, ಕಾಲಿಗೆ ಜೋತು ಬಿದ್ದವರು ಇಬ್ಬರು, ಮೊಬೈಲು ಎಲ್ಲಿತ್ತೋ ದೇವರಿಗೇ ಗೊತ್ತು. ಗಂಟೆ ಲೆಕ್ಕ ಹಾಕಿ ಸೇವೆ ಮಾಡಿಸುವುದನ್ನು ಗೇಲಿ ಮಾಡುವವರು ಇದನ್ನೂ ಲೆಕ್ಕಕ್ಕೆ ಹಿಡಿಯಬೇಕು. ಮನಸ್ಸಿಲ್ಲದೆ ಬಂದವನಿಗೆ ಮನಸ್ಸು ಬರಲಾರದು ಎಂದೇನಿಲ್ಲ.

ಒಂದು ಎಚ್ಚರಿಕೆಯ ಮಾತು. ಮಕ್ಕಳ ನಡುವೆ ಹೊಸಬರನ್ನು ಬಿಡುವಾಗ ‘ಒಳ್ಳೇ ಹುಡುಗರು’ ಎಂಬ ನಂಬಿಕೆಯೊಂದೇ ಸಾಲದು. 2012ರ ಪೋಕ್ಸೋ ಕಾಯ್ದೆ ಸುಮ್ಮನೆ ಬಂದದ್ದಲ್ಲ. ಈ ಶಿಬಿರದಲ್ಲಿ ಒಂದು ಕಟ್ಟುನಿಟ್ಟು ಇತ್ತು. ಯಾವ ಮಗುವಿನ ಜೊತೆಗೂ ಯಾರೂ ಒಂಟಿಯಾಗಿ ಕೋಣೆಯಲ್ಲಿ ಇರುವಂತಿಲ್ಲ, ಮನೆಗೆ ಬಿಡಲು ಹೋದರೆ ಇಬ್ಬರು ಹೋಗಬೇಕು, ಮಕ್ಕಳ ಫೋಟೋ ಮೊಬೈಲಿಗೆ ಹಾಕುವಂತಿಲ್ಲ. ಗೋಡೆಯ ಮೇಲೆ ದೊಡ್ಡದಾಗಿ 1098 ಎಂದು ಬರೆದಿದ್ದರು. ಮಕ್ಕಳ ಸಹಾಯವಾಣಿ, ದುಡ್ಡಿಲ್ಲದೆ ಹೋಗುವ ಕರೆ. ಮೂರನೇ ಕ್ಲಾಸಿನವರಿಗೂ ಅದು ಬಾಯಿಪಾಠ ಆಗಿತ್ತು. ಸಾವಿರಗಟ್ಟಲೆ ಫೀಸು ಕಟ್ಟಿ ಮಕ್ಕಳನ್ನು ಬೇರೆ ಶಿಬಿರಗಳಿಗೆ ಬಿಟ್ಟು ಬರುವ ಪೋಷಕರು ಅಲ್ಲಿ ಇಂಥ ನಿಯಮ ಇದೆಯೇ ಎಂದು ಒಮ್ಮೆ ಕೇಳಿ ನೋಡಬಹುದು.

ಹನ್ನೊಂದನೇ ದಿನ

ಹತ್ತನೇ ದಿನ ಅಳು. ಮಕ್ಕಳದೂ, ಅಕ್ಕಂದಿರದೂ. ‘ನಾಳೆನೂ ಬರ್ತೀಯಾ ಅಕ್ಕಾ?’ ಎಂದು ಮಕ್ಕಳು ಕೇಳಿದರೆ ‘ಬರ್ತೀನಿ’ ಅಂದುಬಿಡುವುದು ಎಲ್ಲ ಶಿಬಿರಗಳಲ್ಲೂ ನಡೆಯುವ ಸುಳ್ಳು. ಮಗು ಮರುದಿನ ಒಂಬತ್ತಕ್ಕೆ ಬಂದು ಬೀಗ ಹಾಕಿದ ಗೇಟಿನ ಮುಂದೆ ನಿಲ್ಲುತ್ತದೆ. ಅದಕ್ಕೆ ಇಂಥದ್ದು ಮೊದಲ ಸಲ ಅಲ್ಲ. ವರ್ಷಕ್ಕೊಂದು ಸಂಸ್ಥೆ ಬರುತ್ತದೆ, ಬಣ್ಣದ ಪೆನ್ಸಿಲು ಕೊಡುತ್ತದೆ, ಫೋಟೋ ತೆಗೆಯುತ್ತದೆ, ಹೋಗುತ್ತದೆ. ನಾಲ್ಕು ಸಲ ಹೀಗಾದ ಮಗು ಐದನೇ ಸಲ ಬರುವ ಅಕ್ಕನ ಕಡೆ ತಿರುಗಿಯೂ ನೋಡುವುದಿಲ್ಲ. ಶಿಬಿರ ಮಾಡುವವರು ಮರೆಯುವುದು ಇದನ್ನೇ. ಹತ್ತು ದಿನ ಪ್ರೀತಿ ಕೊಟ್ಟು ಮಾಯವಾಗುವುದಕ್ಕಿಂತ ಬರದೇ ಇರುವುದು ವಾಸಿ ಎಂದು ವಾದಿಸುವ ಮೇಷ್ಟ್ರುಗಳನ್ನೂ ನಾವು ಬಲ್ಲೆವು. ಅಷ್ಟು ದೂರ ನಾವು ಹೋಗುವುದಿಲ್ಲ. ಆದರೆ ಅವರ ಮಾತಿನಲ್ಲಿ ಹುರುಳಿಲ್ಲ ಅಂತೀರಾ?

ಶಿಬಿರ ಅಂದರೆ ಶಾಲೆಗೆ ಸೇತುವೆ ಎಂದು ಹಿಡಿದವರು ಮಾತ್ರ ಕೊನೆ ಮುಟ್ಟಿದ್ದಾರೆ. ಆಗ ಕಲಬುರ್ಗಿ ಜಿಲ್ಲೆಗೆ ಹೊಂದಿಕೊಂಡೇ ಇದ್ದ ಆಂಧ್ರದ ರಂಗಾರೆಡ್ಡಿ ಜಿಲ್ಲೆಯಲ್ಲಿ ಪ್ರೊಫೆಸರ್ ಶಾಂತಾ ಸಿನ್ಹಾ ಅವರ ಎಂ.ವಿ. ಫೌಂಡೇಶನ್ 1991ರಿಂದ ಮಾಡಿದ ಕೆಲಸ ಅದು. ಜೀತಕ್ಕಿದ್ದ, ಹೊಲಕ್ಕಿದ್ದ ಮಕ್ಕಳನ್ನು ಮೊದಲು ಶಿಬಿರಕ್ಕೆ ತಂದು, ಓದು ಹಿಡಿಸಿ, ವಯಸ್ಸಿಗೆ ತಕ್ಕ ಕ್ಲಾಸಿಗೆ ಕೂರಿಸುವುದು. ಕಲಿಸಿದವರು ಆಯಾ ಹಳ್ಳಿಯ ಓದಿದ ಹುಡುಗ ಹುಡುಗಿಯರೇ, ಅನೇಕರು ಮನೆಯಲ್ಲಿ ಮೊದಲ ಸಲ ಶಾಲೆ ಕಂಡವರು. ಶಾಲೆಯಲ್ಲಿಲ್ಲದ ಮಗು ದುಡಿಯುವ ಮಗುವೇ ಎಂಬುದು ಅವರ ಹಟ. 2003ರಲ್ಲಿ ಸಿನ್ಹಾ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ನಮ್ಮಲ್ಲೂ 2000ದ ನಂತರದ ವರ್ಷಗಳಲ್ಲಿ ಶಾಲೆ ಬಿಟ್ಟ ಮಕ್ಕಳಿಗಾಗಿ ಏಪ್ರಿಲ್-ಮೇ ತಿಂಗಳಲ್ಲಿ ‘ಚಿಣ್ಣರ ಅಂಗಳ’ ನಡೆದದ್ದು ಹಳೆಯ ಮೇಷ್ಟ್ರುಗಳಿಗೆ ನೆನಪಿದೆ. ಬಾಲಕಾರ್ಮಿಕರಿಗೆಂದೇ 1988ರಲ್ಲಿ ಶುರುವಾದ ರಾಷ್ಟ್ರೀಯ ಯೋಜನೆ 2021ರಲ್ಲಿ ಸಮಗ್ರ ಶಿಕ್ಷಣದೊಳಗೆ ವಿಲೀನವಾಯಿತು. ಹೀಗೆ ಒಂದೊಂದೇ ಬಾಗಿಲು ಮುಚ್ಚಿದಂತೆ ಕಾಲೇಜು ಹುಡುಗರ ಈ ಸಣ್ಣ ಕಿಟಕಿಯ ಬೆಲೆ ಹೆಚ್ಚಿದೆ.

ಅಂಗಡಿ ಮಾಲೀಕರಿಗೆ

ಈ ಪತ್ರಿಕೆಯನ್ನು ಗಲ್ಲಾಪೆಟ್ಟಿಗೆ ಮೇಲಿಟ್ಟುಕೊಂಡು ಓದುವ ಅಣ್ಣಂದಿರೇ, ಕಾನೂನಿನ ಮಾತು ಬೇಸರ ಅನ್ನಿಸಿದರೂ ಕೇಳಿ. 1986ರ ಬಾಲಕಾರ್ಮಿಕ ಕಾಯ್ದೆಯಲ್ಲಿ ಮೊದಲು ಕೆಲವು ಕೆಲಸಗಳಿಗಷ್ಟೇ ನಿಷೇಧ ಇತ್ತು. ಹೋಟೆಲು, ಢಾಬಾ, ಮನೆಗೆಲಸ ಸೇರಿದ್ದು 2006ರಲ್ಲಿ. 2016ರ ತಿದ್ದುಪಡಿ ಬಂದ ಮೇಲೆ 14 ವರ್ಷದೊಳಗಿನವರನ್ನು ಯಾವ ಕೆಲಸಕ್ಕೂ ಇಟ್ಟುಕೊಳ್ಳುವಂತಿಲ್ಲ. ಇಟ್ಟುಕೊಂಡರೆ ಆರು ತಿಂಗಳಿಂದ ಎರಡು ವರ್ಷ ಜೈಲು, ಅಥವಾ 20 ಸಾವಿರದಿಂದ 50 ಸಾವಿರ ದಂಡ, ಎರಡೂ ಆಗಬಹುದು. ಒಂದು ರಿಯಾಯಿತಿ ಇದೆ. ಸ್ವಂತ ಮನೆತನದ ವ್ಯವಹಾರದಲ್ಲಿ, ಅಪಾಯವಿಲ್ಲದ ಕೆಲಸದಲ್ಲಿ, ಶಾಲೆ ಬಿಟ್ಟ ಮೇಲೆ ಅಥವಾ ರಜೆಯಲ್ಲಿ ಮಗು ಕೈಜೋಡಿಸಬಹುದು. ಮನೆತನ ಎಂದರೆ ಅಪ್ಪ ಅಮ್ಮ, ಒಡಹುಟ್ಟಿದವರು, ಅಪ್ಪ ಅಮ್ಮನ ಒಡಹುಟ್ಟಿದವರು. ಈ ಕಾಯ್ದೆ ಬಂದ ಮೇಲೆ ಊರಿನಲ್ಲಿ ಸೋದರಮಾವಂದಿರ ಸಂಖ್ಯೆ ಇದ್ದಕ್ಕಿದ್ದಂತೆ ಏರಿದೆ! ಇನ್‌ಸ್ಪೆಕ್ಟರ್ ಬಂದಾಗ ಗ್ಯಾರೇಜಿನ ಹುಡುಗನಿಗೆ ಮಾಲೀಕ ಮಾವ, ಹೋಟೆಲಿನ ಹುಡುಗನಿಗೆ ಸಪ್ಲಯರ್ ಚಿಕ್ಕಪ್ಪ.

ನೀವು ಕೆಟ್ಟವರೆಂದು ನಾವು ಹೇಳುತ್ತಿಲ್ಲ. ‘ಅವರಮ್ಮನೇ ಬಂದು ಕಾಲು ಹಿಡಿದು ಸೇರಿಸಿದ್ದು ಸಾರ್’ ಎಂಬುದು ಎಷ್ಟೋ ಸಲ ನಿಜ. ಮನೆಯಲ್ಲಿ ಒಂಟಿ ಮಗು ಬಿಟ್ಟು ಹೋದರೆ ಕೆಟ್ಟ ಸಹವಾಸ ಎಂಬ ಹೆದರಿಕೆ ಆ ತಾಯಿಗೆ. ಅಂಗಡಿ ಎಂದರೆ ಕಣ್ಣೆದುರಿಗಾದರೂ ಇರುತ್ತಾನೆ. ಹತ್ತಿರದಲ್ಲೇ ಶಿಬಿರ ಇದ್ದರೆ ಅವಳಿಗೆ ಬೇರೆ ದಾರಿ ಇದೆ, ನಿಮಗೂ ಆ ಹುಡುಗನನ್ನು ಅಲ್ಲಿಗೆ ಕಳಿಸುವ ದಾರಿ ಇದೆ. ಈ ಶಿಬಿರಕ್ಕೆ ಬಂದ ಮಕ್ಕಳಲ್ಲಿ ಇಬ್ಬರನ್ನು ಸೈಕಲ್ಲಿನ ಹಿಂದೆ ಕೂರಿಸಿಕೊಂಡು ತಂದು ಬಿಟ್ಟವರು ಅವರನ್ನು ಕೆಲಸಕ್ಕಿಟ್ಟುಕೊಂಡಿದ್ದ ಅಂಗಡಿಯವರೇ. ದಂಡಕ್ಕೆ ಹೆದರಿ ಬಿಟ್ಟರೋ ಮನಸ್ಸು ಕರಗಿ ಬಿಟ್ಟರೋ ನಾವು ಕೇಳಲಿಲ್ಲ. ಮಕ್ಕಳು ಬಂದರು.

ಈ ಹುಡುಗರು ಮಾಡಿದ ಇನ್ನೊಂದು ಕೆಲಸದಿಂದಾಗಿಯೇ ಇಷ್ಟು ಬರೆಯಬೇಕಾಯಿತು. ಶಿಬಿರ ಮುಗಿದ ದಿನ ಪ್ರತಿ ಮಗುವಿನ ಹೆಸರು, ಕ್ಲಾಸು, ಶಾಲೆ, ಮನೆ ಇರುವ ಓಣಿ ಬರೆದ ನೋಟ್‌ಬುಕ್ಕೊಂದನ್ನು ಇಟ್ಟುಕೊಂಡರು. ಒಬ್ಬೊಬ್ಬ ವಿದ್ಯಾರ್ಥಿಗೆ ನಾಲ್ಕು ಹೆಸರು ಹಂಚಿದರು. ಶಾಲೆ ಬಾಗಿಲು ತೆರೆದ ಮೇಲೆ ಜೂನ್ ಮೊದಲ ವಾರ ಆ ನಾಲ್ಕು ಮಕ್ಕಳು ಬೆಂಚಿನ ಮೇಲೆ ಇದ್ದಾರೋ ಇಲ್ಲವೋ ನೋಡಿ ಬರಬೇಕು. ಇದ್ದರೆ ಹೆಸರಿನ ಮುಂದೆ ಟಿಕ್ಕು, ಇಲ್ಲದಿದ್ದರೆ ಮನೆಗೆ ಹೋಗಬೇಕು. 2009ರ ಶಿಕ್ಷಣ ಹಕ್ಕು ಕಾಯ್ದೆ ಪ್ರಕಾರ 6ರಿಂದ 14 ವರ್ಷದ ಮಗು ಯಾವಾಗ ಬಂದರೂ ಸೇರಿಸಿಕೊಳ್ಳಬೇಕು, ಟಿ.ಸಿ. ಇಲ್ಲ ಎಂಬ ನೆಪ ನಡೆಯದು. ಅದನ್ನು ಹುಡುಗರು ಮುಖ್ಯೋಪಾಧ್ಯಾಯರ ಮುಂದೆ ಹೇಳುವುದನ್ನೂ ಕಲಿತಿದ್ದಾರೆ.

ಜೂನ್ ಎರಡನೇ ವಾರ ನಾವು ಆ ನೋಟ್‌ಬುಕ್ಕು ನೋಡಿದೆವು. ಬಹುಪಾಲು ಟಿಕ್ಕು. ಎರಡು ಮನೆಯವರು ಓಣಿ ಬಿಟ್ಟು ಕೆಲಸ ಹುಡುಕಿ ಬೇರೆ ಊರಿಗೆ ಹೋಗಿದ್ದರು, ಎಲ್ಲಿಗೆ ಎಂದು ಅಕ್ಕಪಕ್ಕದವರಿಗೆ ತಿಳಿದಿರಲಿಲ್ಲ. ತಮ್ಮನನ್ನು ಹೊತ್ತು ನಿಂತಿದ್ದ ಹುಡುಗಿಯ ಹೆಸರಿನ ಮುಂದೆ ಟಿಕ್ಕು ಇರಲಿಲ್ಲ, ಪೆನ್ಸಿಲ್ಲಿನಲ್ಲಿ ಸಣ್ಣಗೆ ‘ಅಂಗನವಾಡಿ’ ಎಂದು ಬರೆದಿತ್ತು. ಏನಿದು ಎಂದು ಕೇಳಿದೆವು. ಆ ಕೂಸಿಗೆ ಇನ್ನೂ ಎರಡು ವರ್ಷ ತುಂಬಿಲ್ಲ, ಅಂಗನವಾಡಿಯಲ್ಲಿ ಬೆಳಿಗ್ಗೆ ಕೂರಿಸಿಕೊಳ್ಳುವುದು ಮೂರು ವರ್ಷದ ಮಕ್ಕಳನ್ನು. ಕಾರ್ಯಕರ್ತೆಯ ಹತ್ತಿರ ಮಾತಾಡಿದ್ದಾರೆ, ಶನಿವಾರ ಮತ್ತೆ ಹೋಗ್ತಾರಂತೆ.